ಒಂದು ಹಾಲಿ ರೂಪಾಯಿ

"ಕಳ್ಳ! ಹಾಡಹಗಲ ಕಳ್ಳ!" ಜನಾಬಾಯಿ ಜೋಳದ ಗಂಟನ್ನು ಅಂಗಡಿಯ ಕಟ್ಟೆಯ ಮೇಲೆ ಧೊಪ್ಪೆಂದು ಒಗೆದಳು. "ನನ್ನ ಒಂದು ರೂಪಾಯಿ ವಾಪಸ್ ಕೊಡು. ಕೊಡೂತನಾ ಇಲ್ಲಿಂದ ಏಳಂಗಿಲ್ಲ."

ಔರಾದದಲ್ಲಿ ಸಂತೆಯ ದಿನ. ಭಾರತದ ಸೈನ್ಯ ಒಳನುಗ್ಗುವ ಪೊಲೀಸ್ ಆ್ಯಕ್ಷನ್‌ಗೆ ಇನ್ನೂ ಒಂದು ತಿಂಗಳಿತ್ತು, ನಡೆಯುತ್ತಿದ್ದುದು ನಿಜಾಮರದೇ ರಾಜ್ಯ. ಹೋದ ವಾರವಷ್ಟೇ ಡಂಗುರ ಸಾರಿದ್ದರು: ಅಂಗಡಿಯವರು ಗೊತ್ತಾದ ದರಕ್ಕಿಂತ ಹೆಚ್ಚು ಕಿತ್ತರೆ ಪೊಲೀಸ್ ಅಮೀನ ಸಾಹೇಬರಿಗೆ ಹೇಳಿರಿ, ಅವರು ಹೆಚ್ಚಿನದನ್ನು ನಿಂತಲ್ಲೇ ಮರಳಿ ಕೊಡಿಸುತ್ತಾರೆ. ಆ ಅಮೀನ ಎದುರಿನ ಚಹಾದಂಗಡಿಯಲ್ಲೇ ಕೂತಿದ್ದ.

ಅಂಗಡಿಯ ಮುದುಕ ಗೌಸೋದ್ದೀನ ಅತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. "ಮೆಲ್ಲಗ ಮಾತಾಡವಾ. ಇನ್ನೆರಡು ಸೇರು ಹಾಕ್ತೇನಿ, ತಗೊಂಡು ಮನಿಗಿ ಹೋಗು."

"ಕದ್ದು ಮುಚ್ಚಿ ಕೊಡ್ತೀಯೇನು? ನಾಕು ಮಂದಿ ಮುಂದ ತಪ್ಪಾತು ಅನ್ನು!"

ಲೆಕ್ಕ ಸರಳ. ಹನ್ನೆರಡು ಸೇರಿಗೆ ಆರು ರೂಪಾಯಿ ಎಂದು ಹಲಗೆಯ ಮೇಲೆ ಬರೆದಿತ್ತು. ಅದು ನಿಜಾಮರ ಹಾಲಿ ರೂಪಾಯಿ. ಬೆಳಿಗ್ಗೆ ಆಕೆ ಕೊಟ್ಟದ್ದು ಆರು ಕಲ್ದಾರ, ಅಂದರೆ ಇಂಗ್ರೇಜಿ ರೂಪಾಯಿ. ಆರು ಕಲ್ದಾರಕ್ಕೆ ಏಳು ಹಾಲಿ ಎಂಬುದು ಔರಾದದ ಕೂಸಿಗೂ ಗೊತ್ತು. ಗೌಸೋದ್ದೀನ ಮಾತ್ರ ಆರಕ್ಕೆ ಆರು ಎಂದು ಹಾಕಿಕೊಂಡಿದ್ದ. ಆ ಒಂದು ರೂಪಾಯಿ ಆಕೆಯ ಇಬ್ಬರು ಮಕ್ಕಳಿಗೆ ವಾರದ ರೊಟ್ಟಿ. ಅರ್ಧ ದಾರಿಯಲ್ಲಿ ಹೊಳೆದು, ತಲೆಯ ಮೇಲಿನ ಗಂಟು ಇಳಿಸದೆ ತಿರುಗಿ ಬಂದಿದ್ದಳು.

ಗದ್ದಲ ಕೇಳಿ ಅಮೀನ ಎದ್ದು ಬಂದ. ಗೌಸೋದ್ದೀನನೇ ಮೊದಲು ಬಾಯಿಬಿಟ್ಟ. "ಏನಿಲ್ಲ ಹುಜೂರ. ಈಕಿ ಕೊಟ್ಟಿದ್ದು ಹಾಲಿನೇ. ಕಲ್ದಾರ ನಾ ಕಣ್ಣಿಲೆ ಕಂಡಿಲ್ಲ."

ಅಬ್ಬಬ್ಬಾ, ಗಡ್ಡ ನೆರೆತವನ ಬಾಯಲ್ಲಿ ಎಂಥ ಸುಳ್ಳು! ಜನಾಬಾಯಿಗೆ ಮೈಯೆಲ್ಲ ಉರಿಯಿತು. ಸೆರಗಿನ ಗಂಟು ಬಿಚ್ಚಿ, ಉಳಿದಿದ್ದ ಒಂದು ನಾಣ್ಯವನ್ನು ಅಮೀನನ ಮುಂದೆ ಹಿಡಿದಳು. "ಇದರ ಜೋಡಿ ಆರು ಇವನ ಹಂತ್ಯಾಕ ಅದಾವ್ರಿ. ಹುಡುಕಿಸಿ ನೋಡ್ರಿ ಸಾಹೇಬ್ರ."

ಅಮೀನ ಹುಡುಕಿಸಿದ. ಗಲ್ಲೆಯಲ್ಲಿರಲಿಲ್ಲ. ಜೋಳದ ಕಣಜದ ಹಿಂದೆ, ಚಿಂದಿಯಲ್ಲಿ ಸುತ್ತಿಟ್ಟ ಆರು ಕಲ್ದಾರ ಸಿಕ್ಕವು. ನೆರೆದ ಜನ ಥೂ ಎಂದರು.

"ಹಳೇವಿರಬೇಕು ಹುಜೂರ." ಗೌಸೋದ್ದೀನ ನಾಣ್ಯಗಳತ್ತ ಕೈ ಚಾಚಿದ. "ಆಕಿ ತವರಮನಿ ಗಂಟಿನಾಗಿನವು. ಸವದಾವ, ಅದಕ್ಕ ಕಡಿಮಿ ಹಿಡದೀನಿ."

"ಯಾತರ ಹಳೇವ್ರಿ? ಹುಲಿ ಛಾಪಿನ ಹೊಸಾವು! ಒಂದರೇ ಸವದದ ಏನು, ನೋಡ್ರಿ!"

ಅಮೀನ ನಾಣ್ಯವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಹೌದು, ಹೊಸಾವೇ. ನಿನ್ನ ಗಂಡ ಯಾರವಾ?"

"ಬಕ್ಕಪ್ಪರಿ. ಕಾಂಗ್ರೆಸ್ಸಿನವರ ಜೋಡಿ ಗಡಿ ದಾಟಿ ಹೋಗಿ ಎಂಟು ತಿಂಗಳಾತು. ಮಾರಿ ನೋಡಿಲ್ಲ." ಠಾಣೆಯಲ್ಲಿ ಹತ್ತು ಸಲ ಹೇಳಿದ ಮಾತು, ತಡವರಿಸಲಿಲ್ಲ. "ಗಂಡ ಮನ್ಯಾಗಿಲ್ಲ ಅಂತ ಎಲ್ಲಾರೂ ಮೋಸ ಮಾಡ್ತಾರ್ರಿ."

"ಪಾಪ," ಎಂದ ಅಮೀನ. ಮುದುಕನಿಂದ ಒಂದು ಹಾಲಿ ರೂಪಾಯಿ ತೆಗೆಸಿ ಆಕೆಯ ಅಂಗೈಯಲ್ಲಿಡಿಸಿದ. ಎಲ್ಲರ ಮುಂದೆ ತಪ್ಪಾಯಿತು ಎನ್ನಿಸಿದ. ಹಾಗೆನ್ನುವಾಗ ಗೌಸೋದ್ದೀನ ಗಳಗಳ ಅತ್ತುಬಿಟ್ಟ. ಅಳಲಿ, ಮೋಸಗಾರನಿಗೆ ಹೀಗೇ ಆಗಬೇಕು ಎಂದಿತು ಸಂತೆ. ಎಂಟು ತಿಂಗಳಲ್ಲಿ ಮೊದಲ ಸಲ ಜನಾಬಾಯಿ ಗೆದ್ದಿದ್ದಳು. ಗಂಟು ಹೊತ್ತು, ತಲೆಯೆತ್ತಿ ಊರ ದಾರಿ ಹಿಡಿದಳು.

ಆಕೆ ಮರೆಯಾಗುವವರೆಗೆ ಅಮೀನ ದಾರಿಯನ್ನೇ ನೋಡಿದ. ಆಮೇಲೆ ಇಬ್ಬರು ಸವಾರರನ್ನು ಹತ್ತಿರ ಕರೆದ.

"ಹುಲಿ ಛಾಪು ಗಡಿ ಈ ಕಡಿ ಇನ್ನೂ ಬಂದೇ ಇಲ್ಲ. ಮುದುಕ ಇಷ್ಟು ಸುಳ್ಳು ಹೇಳಿ ಉಳಸ್ಲಾಕ ನೋಡಿದ, ಆಕಿನೇ ಬಿಡಲಿಲ್ಲ. ಕುದರಿ ತಗೀರಿ, ಆಕಿಗಿಂತ ಮೊದಲ ಊರು ಮುಟ್ರಿ. ಬಕ್ಕಪ್ಪ ಮನ್ಯಾಗಿದ್ದಾನ."