ಅರೆಸುಟ್ಟ ಗೊಂಬೆ

ಬರಲು ಸಾಧ್ಯವೇ ಇಲ್ಲದ ಮನುಷ್ಯ ಬಂದು ಬೆಂಚಿನ ಮೇಲೆ ಕುಳಿತಿದ್ದ.

ಅಗ್ನಿಶಾಮಕ ಮ್ಯೂಸಿಯಂನ ಮೇಲ್ವಿಚಾರಕ ಕಂಬದ ಮರೆಯಿಂದಲೇ ಅವನನ್ನು ಅಳೆದ. ಮುದುಕ. ಇಸ್ತ್ರಿ ಮಾಡಿದ ಅಂಗಿ. ಮುಖದ ತುಂಬ ಸಿಟ್ಟು. ಬಲಗೈ ಕೋಟಿನ ಜೇಬಿನಲ್ಲಿ. ಜೇಬಿನಲ್ಲಿ ಕೈ ಇಟ್ಟುಕೊಂಡು ಮಾತಾಡುವವರನ್ನು ನಂಬಬೇಡ ಎಂದು ಅವನ ಅಪ್ಪ ಹೇಳುತ್ತಿದ್ದರು.

“ಪೇಪರಿನಲ್ಲಿ ಹಾಕಿದ್ರಲ್ಲ,” ಎಂದ ಮುದುಕ, ಅವನು ಹತ್ತಿರ ಬರುತ್ತಲೇ. “ಗಿರಣಿ ಓಣಿ ಬೆಂಕಿಯಿಂದ ಗೊಂಬೆ ತಂದವನು ಬರಬೇಕು ಅಂತ. ಎಲ್ಲಿದೆ ಆ ಗೊಂಬೆ?”

ಆ ಗೊಂಬೆಯನ್ನು ಯಾರೂ ಯಾವ ಬೆಂಕಿಯಿಂದಲೂ ತಂದಿರಲಿಲ್ಲ. ಮೇಲ್ವಿಚಾರಕನೇ ಅದನ್ನು ತನ್ನ ಮನೆಯ ಗ್ಯಾಸ್ ಒಲೆಯ ಮೇಲೆ ಹಿಡಿದು ಸುಟ್ಟಿದ್ದ.

ತಪ್ಪೆಲ್ಲ ನಿರ್ದೇಶಕಿಯ ಪ್ರವಾಸದ್ದು. ಆಕೆ ದೇಶವಿದೇಶಗಳ ಅಗ್ನಿಶಾಮಕ ಮ್ಯೂಸಿಯಂಗಳನ್ನು ಸುತ್ತಿ ಬಂದಿದ್ದಳು. ಒಂದು ಕಡೆ ಬೆಂಕಿಯಿಂದ ಉಳಿಸಿದ ಪಿಟೀಲು, ಇನ್ನೊಂದು ಕಡೆ ಹಕ್ಕಿಯ ಪಂಜರ. ಜನ ಅವುಗಳ ಮುಂದೆ ನಿಂತು ಅಳುತ್ತಾರಂತೆ. “ನಮ್ಮಲ್ಲೇನಿದೆ? ಹಿತ್ತಾಳೆ ಪಂಪು, ಹೆಲ್ಮೆಟ್ಟು. ಹೆಲ್ಮೆಟ್ ನೋಡಿ ಯಾರ್ರೀ ಅಳ್ತಾರೆ? ಹೀಗೇ ಆದ್ರೆ ಬಾಗಿಲು ಹಾಕೋದೇ,” ಎಂದಿದ್ದಳು. ಬಾಗಿಲು ಹಾಕಿದರೆ ಮೊದಲು ಬೀದಿಗೆ ಬೀಳುವವನು ತಾನೇ ಎಂಬುದು ಮೇಲ್ವಿಚಾರಕನಿಗೆ ಗೊತ್ತಿತ್ತು. ನಾದಿನಿಯ ಮಗಳು ಆಡಿ ಬಿಸಾಕಿದ ಬಟ್ಟೆಯ ಗೊಂಬೆಯೊಂದು ಮನೆಯಲ್ಲಿತ್ತು. “ಮ್ಯೂಸಿಯಂ ಉಳಿಸೋಕೆ ನನ್ನ ಅಡುಗೆಮನೆಗೆ ಬೆಂಕಿ ಇಡ್ತೀರಾ?” ಎಂದು ಹೆಂಡತಿ ಕಿಟಕಿ ತೆರೆದಳು.

ಕೇಳುವವರು ಯಾರೂ ಉಳಿದಿರಲಾರರು ಎಂದು ತುಂಬ ಹಳೆಯ ಬೆಂಕಿಯೊಂದನ್ನು ಆರಿಸಿ ಫಲಕ ಬರೆಸಿದ: ಗಿರಣಿ ಓಣಿಯ ಮನೆಯಿಂದ ಅನಾಮಿಕ ಅಗ್ನಿಶಾಮಕನೊಬ್ಬ ಹೊತ್ತು ತಂದ ಗೊಂಬೆ. ಜನ ಬಂದರು. ಅತ್ತರು. ಒಬ್ಬ ಅಜ್ಜಿಯಂತೂ ವಾರ ತಪ್ಪದೆ ಬಂದು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುತ್ತಿದ್ದಳು. ಸುಟ್ಟ ಮನೆ ಅವಳದೇ, ಒಳಗೆ ಉಳಿದುಹೋದದ್ದು ಅವಳ ಪುಟ್ಟ ಮಗಳು ಎಂದು ತಿಳಿದ ದಿನ ಮೇಲ್ವಿಚಾರಕನಿಗೆ ಊಟ ಸೇರಲಿಲ್ಲ. ಪುಣ್ಯಕ್ಕೆ ಆಕೆ ಗೊಂಬೆಯ ವಿಷಯ ಎತ್ತುತ್ತಿರಲಿಲ್ಲ. “ತಂದವರು ಸಿಕ್ಕಿದ್ರಾ?” ಎಂದಷ್ಟೇ ಪ್ರತಿ ಸಲ ಕೇಳುತ್ತಿದ್ದಳು. ಅದು ನಿರ್ದೇಶಕಿಯ ಕಿವಿಗೂ ಬಿದ್ದು, ಆ ವೀರನಿಗೆ ಸನ್ಮಾನವೆಂದು ಪ್ರಕಟಣೆ ಹೊರಟಿತು. ಇಲ್ಲದವನು ಎಲ್ಲಿಂದ ಬರುತ್ತಾನೆ ಎಂದು ಮೇಲ್ವಿಚಾರಕ ನೆಮ್ಮದಿಯಾಗಿದ್ದ.

ಈಗ ಆ ಇಲ್ಲದವನು ಗಾಜಿನ ಪೆಟ್ಟಿಗೆಯತ್ತ ದಾಪುಗಾಲು ಹಾಕುತ್ತಿದ್ದ. ಗೊಂಬೆ ನೋಡಿದ. ಫಲಕ ಓದಿದ. ಏನೋ ಕೂಗಾಡಲು ಬಾಯಿ ತೆರೆದ. ಆಗ ಪಕ್ಕದಲ್ಲಿದ್ದ ಅಜ್ಜಿ ತಿರುಗಿ, ಮೊದಲು ಅವನ ಜೇಬನ್ನು, ಆಮೇಲೆ ಮುಖವನ್ನು ನೋಡಿದಳು.

“ತಂದವರು ನೀವೇ ಅಲ್ವಾ?”

ಮುದುಕ ಆಕೆಯ ಮುಖ ನೋಡಿದ. “ಹೌದಮ್ಮ,” ಎಂದ. “ನಾನೇ.”

ಎಲಾ ಕಳ್ಳ, ಎಂದುಕೊಂಡ ಮೇಲ್ವಿಚಾರಕ. ಬಾಯಲ್ಲಿ ಬಿಸಿ ತುಪ್ಪ; ಉಗುಳುವಂತಿಲ್ಲ, ನುಂಗುವಂತಿಲ್ಲ. ಅವನ ಸುಳ್ಳನ್ನು ಹೊರಗೆಳೆದರೆ ತನ್ನದೂ ಅದರ ಬಾಲ ಹಿಡಿದು ಬರುತ್ತದೆ.

ಭಾನುವಾರ ಸನ್ಮಾನ ನಡೆಯಿತು. ಮುದುಕ ಸ್ಮರಣಿಕೆಯನ್ನು ಎಡಗೈಯಲ್ಲೇ ತೆಗೆದುಕೊಂಡ. ಅಹಂಕಾರ ನೋಡು, ಎಂದುಕೊಂಡ ಮೇಲ್ವಿಚಾರಕ.

“ಮೇಲಿನ ಕೋಣೆಗೆ ಹೋದೆ,” ಎಂದ ಮುದುಕ ಮೈಕಿನಲ್ಲಿ. “ಬೆಂಕಿಗಿಂತ ಮೊದಲೇ ಹೊಗೆ ಬಂದಿತ್ತು. ಮಗು ನಿದ್ದೆಯಲ್ಲೇ ಹೋಗಿತ್ತು. ಅದಕ್ಕೆ ಏನೂ ಗೊತ್ತಾಗಿಲ್ಲ. ಪಕ್ಕದಲ್ಲಿ ಗೊಂಬೆ ಇತ್ತು. ಅದನ್ನಾದರೂ ತಂದೆ.”

ಮುಂದಿನ ಸಾಲಿನಲ್ಲಿ ಅಜ್ಜಿ ಕಣ್ಣೊರೆಸಿಕೊಂಡಳು. “ಅವಳದೇ ಅದು,” ಎಂದಳು, ಎಲ್ಲರಿಗೂ ಕೇಳುವಂತೆ. ನಾದಿನಿಯ ಮಗಳು ಅಲ್ಲಿದ್ದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದಳು.

ಎಲ್ಲ ಮುಗಿದ ಮೇಲೆ ಅವನು ಮುದುಕನನ್ನು ಗೇಟಿನ ಹತ್ತಿರ ಹಿಡಿದ.

“ಇಷ್ಟು ಸುಳ್ಳು ಹೇಳೋಕೆ ನಾಚಿಕೆ ಆಗಲ್ವಾ?”

ಮುದುಕ ಬಲಗೈಯನ್ನು ಜೇಬಿನಿಂದ ತೆಗೆದ. ಬೆರಳುಗಳು ಬೆಂದು ಒಂದಕ್ಕೊಂದು ಅಂಟಿಕೊಂಡಿದ್ದವು.

“ಆಗುತ್ತೆ,” ಎಂದ. “ಆ ಮನೆಗೆ ನುಗ್ಗಿದವನು ನಾನೊಬ್ಬನೇ. ಮೆಟ್ಟಿಲು ಕುಸೀತು, ಕೋಣೆ ತನಕ ಹೋಗೋಕೇ ಆಗಲಿಲ್ಲ. ಈ ಗೊಂಬೆ ನಾಟಕ ಯಾರದು ಅಂತ ಕೇಳಿ ಉಗಿಯೋಕೇ ಬಂದಿದ್ದೆ. ಆ ತಾಯಿ ಮುಖ ನೋಡಿದೆ, ಗುರುತು ಸಿಕ್ತು. ಮಗು ಒದ್ದಾಡಲಿಲ್ಲ ಅಂತ ಹೇಳಬೇಕಾದರೆ ಕೋಣೆ ತನಕ ಯಾರಾದರೂ ಹೋಗಿರಬೇಕಲ್ಲ. ಆಕೆಗೆ ಮಾತ್ರ ಹೇಳಬೇಡಿ.”

ಮೇಲ್ವಿಚಾರಕ ತಲೆ ತಗ್ಗಿಸಿಕೊಂಡು ಒಳಗೆ ಬಂದ. ತನ್ನ ಬಗ್ಗೆ ಅವನಿಗೆ ಅಸಹ್ಯವಾಗಿತ್ತು. ಅಜ್ಜಿ ಗಾಜಿನ ಮುಂದೆಯೇ ನಿಂತಿದ್ದಳು.

“ಹೋದ್ರಾ ಅವರು? ಮನಸ್ಸು ಹಗುರಾದ ಹಾಗೆ ಕಾಣ್ತಿತ್ತಾ?”

“ಕಾಣ್ತಿತ್ತಮ್ಮ.”

“ಅಷ್ಟು ಸಾಕು. ನನ್ನ ಮಗಳ ಹತ್ತಿರ ಗೊಂಬೆ ಇರಲೇ ಇಲ್ಲಪ್ಪ. ಆದರೆ ಆ ಮನುಷ್ಯ ಕೈ ಸುಟ್ಕೊಂಡು ಆಚೆ ಬಂದು, ಯಾರನ್ನೂ ತರೋಕಾಗಲಿಲ್ಲ ಅಂತ ಬೀದೀಲಿ ಕೂತು ಅತ್ತಿದ್ದನ್ನ ನಾನು ನೋಡಿದೀನಿ. ಅವರಿಗೆ ಮಾತ್ರ ಹೇಳಬೇಡ.”