ಐರಣಿ ಗಡಿಗೆ

ಹೊಲದಲ್ಲಿ ಮನೆ ಕಟ್ಟಿ, ಅಂಗಳದಲ್ಲಿ ಕುಂಬಾರಿಕೆಗೆ ತಿಗರಿ ಹೂಡಿ, ನಾನೂ ನನ್ನ ಗಂಡನೂ ಗಡಿಗೆ ಮಾಡತೊಡಗಿದೆವು. ಊರವರು ದಾರಿಯಲ್ಲೇ ನಿಂತು ನೋಡಿ ಹೋಗುತ್ತಿದ್ದರು. ಮೊದಲು ಒಳಗೆ ಬಂದವಳು ಪಕ್ಕದ ಹೊಲದ ಆಯಿ.

“ನಿಮ್ಮ ಮದುವಿ ಎಲ್ಲಿ ಆತು?”

“ಕಚೇರಿಯಾಗ, ಆಯಿ. ಎರಡೂ ಮನಿಯವರು ಬ್ಯಾಡ ಅಂದ್ರು, ನಾವು ಕೇಳಲಿಲ್ಲ.”

ಆಯಿ ಒಂದು ಗಡಿಗೆಯನ್ನು ಬಡಿದು ನೋಡಿದಳು.

“ಬರೋ ಶುಕ್ರವಾರ ಒಂದು ಮದುವಿ ಐತಿ. ಹಂದರದಾಗ ಪೂಜಿಗೆ ಇಡೋ ಐರಣಿ ಗಡಿಗಿ ಮಾಡಿಕೊಡು. ಚಂದ ಮಾಡವಾ, ಮದುಮಗಳು ಭಾಳ ಹಟಮಾರಿ.”

ಆ ಹಟಮಾರಿಗೆ ಹೆದರಿ ಸುಣ್ಣ ಬಳಿದೆ, ಕೆಮ್ಮಣ್ಣಿನಿಂದ ಬಳ್ಳಿ ಬರೆದೆ.

ಶುಕ್ರವಾರ ಗಡಿಗೆ ಒಯ್ಯಲು ಊರ ಹೆಂಗಸರೆಲ್ಲ ಹಲಗೆ ಬಾರಿಸಿಕೊಂಡು ಬಂದರು.

“ಮದುಮಗಳು ಎಲ್ಲಿ, ಆಯಿ?”

ಆಯಿ ಅರಿಶಿನದ ಬಟ್ಟಲಲ್ಲಿ ಕೈ ಅದ್ದಿ, ನನ್ನ ಎರಡೂ ಕೆನ್ನೆಗೆ ಸವರಿದಳು.