ನಲವತ್ತೊಂದನೇ ಅಚ್ಚು

"ಅಚ್ಚಿನೊಳಗೆ ಎರಡು ಕಡ್ಡಿ ನಿಂತಿವೆಯಲ್ಲ, ಅವನ್ನ ಮುರಿದುಹಾಕಿ ಪ್ಲಾಸ್ಟರ್ ಸುರಿ," ಎಂದರು ಮ್ಯೂಸಿಯಂ ಅಧಿಕಾರಿ.

ಪರಾರಿ ಮುರಿಯಲಿಲ್ಲ. ಪರಾರಿ ಎಂಬುದು ಅವನ ಹೆಸರಲ್ಲ. ಹೆಂಡತಿ, ಮೂರು ಮಕ್ಕಳನ್ನು ನಡುನೀರಿನಲ್ಲಿ ಬಿಟ್ಟು ಓಡಿಹೋದ ತುಂಡುಕಿವಿಯ ಮುತ್ತಜ್ಜನಿಂದ ಬಂದ ಆಸ್ತಿ ಅದೊಂದೇ. ಅಜ್ಜ ಪರಾರಿ, ಅಪ್ಪ ಪರಾರಿ, ಪ್ಲಾಸ್ಟರ್ ಕೆಲಸದ ಇವನೂ ಪರಾರಿ. ನಿನ್ನೆ ಮಗಳನ್ನೂ ಸ್ಕೂಲಿನಲ್ಲಿ ಹಾಗೇ ಕರೆದರಂತೆ. ಅತ್ತುಕೊಂಡು ಮನೆಗೆ ಬಂದಿದ್ದಳು.

ಸಮುದ್ರದಾಚೆಯ ಮ್ಯೂಸಿಯಂನವರು ನೂರು ವರ್ಷದ ಹಿಂದೆ ಇಲ್ಲಿಗೆ ಬಂದು, ಕೂಲಿಯವರ ಮುಖಕ್ಕೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದುಕೊಂಡು ಹೋಗಿದ್ದರು. ಆ ಅಚ್ಚುಗಳು ಈಗ ಪ್ರದರ್ಶನಕ್ಕೆಂದು ವಾಪಸು ಬಂದಿದ್ದವು. ಅವುಗಳಿಂದ ಮುಖ ತೆಗೆದುಕೊಡುವುದು ಇವನ ಕೆಲಸ. ಒಂದು ಗೋಡೆಗೆ ಆ ಮುಖಗಳು, ಎದುರು ಗೋಡೆಗೆ ಇಲ್ಲಿನ ದಫ್ತರದ ಹಳೇ ಕೂಲಿ ರಿಜಿಸ್ಟರು.

"ಅವರ ಶಿಸ್ತು ನೋಡಯ್ಯ!" ಎಂದರು ಅಧಿಕಾರಿ. "ನೂರು ವರ್ಷ ಆದ್ರೂ ಅಚ್ಚಿಗೆ ಒಂದು ಗೀರಿಲ್ಲ. ನಮ್ಮೋರ ರಿಜಿಸ್ಟರು ಅರ್ಧ ಇಲಿ ಹೊಟ್ಟೇಲಿದೆ. ಅವರು ಮುಖ ಕಾಪಾಡಿದ್ರು, ನಾವು ಕಾಗದಾನೂ ಕಾಪಾಡಲಿಲ್ಲ."

"ಮಿಕ್ಕ ನಲವತ್ತು ಅಚ್ಚಲ್ಲೂ ಮೂಗಿನ ಹತ್ರ ಎರಡು ತೂತಿದೆ ಸಾರ್. ಉಸಿರಾಡಲಿ ಅಂತ ಕೊಳವೆ ಇಟ್ಟಿದ್ದ ತೂತು. ಇದರಲ್ಲಿಲ್ಲ."

"ಮರೆತಿರ್ತಾರೆ ಬಿಡು."

ಪರಾರಿ ಟಾರ್ಚ್ ಬಿಟ್ಟು ನೋಡಿದ. ಮೂಗಿನ ಜಾಗದಲ್ಲಿ ಬೆರಳುದ್ದದ ಎರಡು ಪ್ಲಾಸ್ಟರ್ ಕಡ್ಡಿ. ಹಸಿ ಪ್ಲಾಸ್ಟರು ತಾನಾಗಿ ಅಷ್ಟು ಒಳಕ್ಕೆ ಇಳಿಯುವುದಿಲ್ಲ. ಅಚ್ಚಿನೊಳಗಿದ್ದವನು ಉಸಿರಿಗಾಗಿ ಎಳೆದಿದ್ದಾನೆ, ಮತ್ತೆ ಮತ್ತೆ ಎಳೆದಿದ್ದಾನೆ. ಟಾರ್ಚನ್ನು ಪಕ್ಕಕ್ಕೆ ಹೊರಳಿಸಿದ. ಎಡಗಿವಿಯ ಗುರುತು ಅರ್ಧವೇ ಇತ್ತು.

ಪರಾರಿ ಅಧಿಕಾರಿಯ ಕಡೆ ತಿರುಗಿದ. "ಸಾರ್, ಆ ರಿಜಿಸ್ಟರಲ್ಲಿ ಇದೇ ನಂಬರು ಓದಿ. ನಲವತ್ತೊಂದು."

ಅಧಿಕಾರಿ ಗೊಣಗುತ್ತಲೇ ಕನ್ನಡಕ ಏರಿಸಿದರು. "ನಲವತ್ತೊಂದು. ಎಡಗಿವಿ ತುಂಡು. ಅಚ್ಚು ತೆಗೆಯುವ ಮೊದಲೇ ಪರಾರಿ." ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ, ಇವನು ನಿಮ್ಮೋನೇ ಕಣೋ!"

"ಹೌದು ಸಾರ್, ನಮ್ಮೋನೇ," ಎಂದ ಪರಾರಿ, ಅಚ್ಚನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಖದ ಮುಂದೆ ಹಿಡಿದು. "ಓಡಿಹೋಗೋನು ಮುಖ ಇಲ್ಲೇ ಬಿಟ್ಟು ಓಡಿದ್ನಾ?"

ಅಧಿಕಾರಿಯ ನಗು ಅರ್ಧಕ್ಕೇ ನಿಂತಿತು. ಬಗ್ಗಿ ಒಳಗೆ ನೋಡಿದರು. ಅವರ ಉಸಿರು ತಾಗಿ, ನೂರು ವರ್ಷದಿಂದ ಪ್ಲಾಸ್ಟರಿಗೆ ಅಂಟಿಕೊಂಡಿದ್ದ ನಾಲ್ಕಾರು ರೆಪ್ಪೆಗೂದಲು ಅಲುಗಿದವು.